ರೇಡಿಯೇಟರ್ ಫ್ಯಾನ್‌ಗೆ ಫ್ಯೂಸ್ ಎಲ್ಲಿದೆ ಎಂದು ಕೇಳಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತು ಅಂದರೆ ರಸ್ತೆಯಲ್ಲಿ ಗಾಡಿಗೆ ಬೆಂಕಿ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕೊನೆಯಲ್ಲಿ ‘ಶಾರ್ಟ್ ಸರ್ಕ್ಯೂಟ್ ಕಾರಣ ಎನ್ನಲಾಗಿದೆ’ ಎಂದು ಒಂದು ಸಾಲು. ಅಲ್ಲಿಗೆ ಸುದ್ದಿ ಮುಗಿಯುತ್ತದೆ. ನಾನು ಕೋಲಾರದಲ್ಲಿ ಆಟೋ ಎಲೆಕ್ಟ್ರಿಷಿಯನ್. ಶಾರ್ಟ್ ಯಾಕಾಯಿತು, ಎಲ್ಲಿ ಆಯಿತು ಎಂದು ಬಾನೆಟ್ ಎತ್ತಿ ಹುಡುಕುವುದೇ ನನ್ನ ಕೆಲಸ. ಹೀಗೆ ಹುಡುಕುವಾಗ ಕಣ್ಣಿಗೆ ಬೀಳುವ ಒಂದು ವಿಷಯವನ್ನು ನಮ್ಮ ಜಿಲ್ಲೆಯ ಗಾಡಿ ಮಾಲೀಕರಿಗೆ ಹೇಳಲೇಬೇಕು ಅನಿಸಿದೆ. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಜಾಗ ಕೊಡಿ.

ಇಂಜಿನ್ನಿನ ಬಿಸಿ ನೀರನ್ನು ತಣಿಸುವ ಜಾಲರಿಯೇ ರೇಡಿಯೇಟರ್. ಹಳೆಯ ಜೀಪು, ಪಿಕಪ್, ವ್ಯಾನುಗಳಲ್ಲಿ ಅದಕ್ಕೆ ಗಾಳಿ ಹಾಯಿಸಲು ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವುದು ಈಗ ಜಾಸ್ತಿಯಾಗಿದೆ. ಗಾಡಿ ಹೀಟ್ ಆಗುತ್ತದೆ, ಯಾರೋ ಹೇಳುತ್ತಾರೆ, ಒಂದು ಫ್ಯಾನ್ ತಂದು ಕಟ್ಟಿಸಿಬಿಡುತ್ತಾರೆ. ಫ್ಯಾನ್ ಹಾಕಿಸುವುದಕ್ಕೆ ನನ್ನ ವಿರೋಧವಿಲ್ಲ. ನಾನೇ ಹಾಕಿಕೊಡುತ್ತೇನೆ. ಅದನ್ನು ಫ್ಯೂಸ್ ಇಲ್ಲದೆ, ರಿಲೇ (ಸಣ್ಣ ಕರೆಂಟಿನಿಂದ ಭಾರಿ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಇಲ್ಲದೆ, ಗಾಡಿ ಯಾಕೆ ಹೀಟ್ ಆಗುತ್ತಿದೆ ಎಂದು ನೋಡದೆ ಕಟ್ಟುವುದಕ್ಕೆ ನನ್ನ ವಿರೋಧ.

ನಮ್ಮ ಊರಿನ ಗಾಡಿಗಳ ಕಷ್ಟ ಏನು ಎಂದು ಮೊದಲು ಹೇಳುತ್ತೇನೆ. ಟೊಮ್ಯಾಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಮುಂದೆ ನಿಂತು ನೋಡಿ. ಬಾಕ್ಸ್ ತುಂಬಿದ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಎರಡು ಮಾರು ಮುಂದೆ, ಮತ್ತೆ ಬ್ರೇಕ್. ಇಂಜಿನ್ ಆಫ್ ಮಾಡುವಂತಿಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳ ಹತ್ತಿರವೂ ಇದೇ ಪಾಡು. ಹಳೆಯ ಗಾಡಿಯ ಫ್ಯಾನ್ ತಿರುಗುವುದು ಇಂಜಿನ್‌ನ ಬೆಲ್ಟಿನಿಂದ. ಇಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಅಂದರೆ ಗಾಳಿ ತುಂಬಾ ಬೇಕಾದ ಹೊತ್ತಿನಲ್ಲೇ ಗಾಳಿ ಕಡಿಮೆ. ಹೈವೇಯಲ್ಲಿ 60ರ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರ್‌ಗೆ ಸಾಕು. ಆಗ ಈ ಬೆಲ್ಟಿನ ಫ್ಯಾನ್ ಜೋರಾಗಿ ತಿರುಗಿ ಸುಮ್ನೆ ಶಕ್ತಿ ತಿನ್ನುತ್ತದೆ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಎಳೆಯುವ ಶಕ್ತಿ ಎಂಟು ಪಟ್ಟಾಗುತ್ತದೆ.

ಎಲೆಕ್ಟ್ರಿಕ್ ಫ್ಯಾನಿನ ಗುಣ ಇಲ್ಲೇ ಇದೆ. ಇಂಜಿನ್ ಎಷ್ಟೇ ನಿಧಾನವಾಗಿರಲಿ, ಅದು ತನ್ನ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಬೇಡದಾಗ ನಿಲ್ಲುತ್ತದೆ. 1983ರಲ್ಲಿ ಮಾರುತಿ 800 ಬಂದಾಗ ಅದರಲ್ಲಿ ಇಂಜಿನ್ ಅಡ್ಡಡ್ಡ ಕೂತಿತ್ತು. ರೇಡಿಯೇಟರ್ ಎದುರಿಗೆ ಬೆಲ್ಟಿನ ಫ್ಯಾನ್ ಇಡಲು ಜಾಗವೇ ಇರಲಿಲ್ಲ. ಎಲೆಕ್ಟ್ರಿಕ್ ಫ್ಯಾನೇ ಗತಿ. ಅಂಬಾಸಡರ್, ಪದ್ಮಿನಿಗಳ ಬೆಲ್ಟ್ ಫ್ಯಾನ್ ನೋಡಿ ಕೆಲಸ ಕಲಿತ ಮೆಕ್ಯಾನಿಕ್‌ಗಳು ಆಗ ಇದನ್ನು ಅನುಮಾನದಿಂದ ನೋಡಿದರು. ಇವತ್ತು ರಸ್ತೆಯಲ್ಲಿರುವ ಬಹುಪಾಲು ಕಾರುಗಳಲ್ಲಿ ಇರುವುದು ಇದೇ.

ಆದರೆ ಕಂಪನಿಯಿಂದಲೇ ಬಂದ ಫ್ಯಾನಿಗೂ ರಸ್ತೆ ಬದಿ ಕಟ್ಟಿಸಿದ ಫ್ಯಾನಿಗೂ ವ್ಯತ್ಯಾಸವಿದೆ. ಮುಳಬಾಗಿಲು ಕಡೆಯ ಒಂದು ಪಿಕಪ್ ನನ್ನ ಹತ್ತಿರ ಬಂದಿತ್ತು. ಡ್ಯಾಶ್‌ಬೋರ್ಡ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಎಂದು ಡ್ರೈವರ್ ಹೇಳಿದ. ಬಿಚ್ಚಿ ನೋಡಿದರೆ ಫ್ಯಾನಿನ ವೈರು ಬ್ಯಾಟರಿಯಿಂದ ನೇರ ಒಳಗೆ ಬಂದಿದೆ. ಸ್ಟೀರಿಂಗ್ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್. ಅಲ್ಲಿಂದ ಮತ್ತೆ ಫ್ಯಾನಿಗೆ. ಸ್ಪೀಕರಿಗೆ ಹಾಕುವಂಥ ತೆಳು ವೈರು. ಫ್ಯೂಸ್ ಇಲ್ಲ, ರಿಲೇ ಇಲ್ಲ. ತಗಡಿನ ತೂತಿನಲ್ಲಿ ವೈರು ತೂರಿಸಿದ ಕಡೆ ರಬ್ಬರ್ ಬುಷ್ ಕೂಡ ಇಲ್ಲ. ವೈರಿನ ಮೇಲಿನ ಹೊದಿಕೆ ಕರಗಿ ಪಕ್ಕದ ಹೆಡ್‌ಲೈಟ್ ವೈರುಗಳಿಗೆ ಅಂಟಿಕೊಂಡಿತ್ತು. ಆ ಗಾಡಿಯಲ್ಲಿ ಮನೆಯವರೆಲ್ಲ ಕೂತು ಜಾತ್ರೆಗೆ ಹೋಗಿ ಬಂದಿದ್ದಾರೆ. ನನಗೆ ಕೈ ನಡುಗಿತು.

ಲೆಕ್ಕ ಕಷ್ಟವೇನಲ್ಲ. ಒಂದು ಒಳ್ಳೆಯ ಸೈಜಿನ ಫ್ಯಾನ್ 12 ವೋಲ್ಟಿನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. ಆನ್ ಆಗುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚುಗಳು ಇಷ್ಟು ಕರೆಂಟನ್ನು ತಾಳಿಕೊಳ್ಳುವುದಿಲ್ಲ. ವೈರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಇನ್ನು ಫ್ಯಾನಿಗೆ ಒಂದು ಕಡ್ಡಿಯೋ ಬಟ್ಟೆಯೋ ಸಿಕ್ಕಿ ನಿಂತಿತು, ಅಥವಾ ಬೇರಿಂಗ್ ಜಾಮ್ ಆಯಿತು ಅಂದುಕೊಳ್ಳಿ. ಮೋಟಾರ್ ತಿರುಗುವುದಿಲ್ಲ, ಆದರೆ ಕರೆಂಟ್ ಮಾತ್ರ ಹಲವು ಪಟ್ಟು ಎಳೆಯುತ್ತಾ ಹೋಗುತ್ತದೆ. ಫ್ಯೂಸ್ ಇದ್ದರೆ ಅದು ಸುಟ್ಟು ಅಲ್ಲಿಗೆ ನಿಲ್ಲುತ್ತದೆ. ಇಲ್ಲದಿದ್ದರೆ ವೈರೇ ಸುಡಬೇಕು. ಪಕ್ಕದಲ್ಲೇ ಡೀಸೆಲ್ ಪೈಪ್ ಇರುತ್ತದೆ.

ಹಾಗಾದರೆ ಸರಿಯಾದ ವೈರಿಂಗ್ ಹೇಗಿರಬೇಕು? ಬ್ಯಾಟರಿಯ ಪ್ಲಸ್‌ನಿಂದ ಹೊರಟ ವೈರಿಗೆ ಒಂದು ಗೇಣಿನ ಒಳಗೇ ಫ್ಯೂಸ್ ಇರಬೇಕು. ತುಂಬಾ ಜನ ಫ್ಯೂಸನ್ನು ಫ್ಯಾನಿನ ಹತ್ತಿರ ಹಾಕುತ್ತಾರೆ. ಆಗ ಬ್ಯಾಟರಿಯಿಂದ ಫ್ಯೂಸ್‌ವರೆಗಿನ ಉದ್ದಕ್ಕೂ ವೈರಿಗೆ ಕಾವಲೇ ಇಲ್ಲ. ಫ್ಯೂಸ್ ಇರುವುದು ವೈರನ್ನು ಕಾಯುವುದಕ್ಕೆ. 20 ಆಂಪಿಯರ್ ಫ್ಯಾನಿಗೆ 30ರ ಫ್ಯೂಸ್, 4 ಸ್ಕ್ವೇರ್ ಎಂಎಂ ವೈರು ಹಾಕಿದರೆ ನೆಮ್ಮದಿ. ಫ್ಯೂಸ್‌ನಿಂದ ರಿಲೇಯ 30ನೇ ಪಿನ್‌ಗೆ, 87ರಿಂದ ಫ್ಯಾನಿಗೆ. 86ಕ್ಕೆ ಕೀ ಆನ್ ಆದಾಗ ಬರುವ ಕರೆಂಟ್. 85 ಥರ್ಮೋ ಸ್ವಿಚ್ (ನೀರಿನ ಬಿಸಿ ನೋಡಿ ತಾನಾಗಿ ಆನ್ ಆಫ್ ಆಗುವ ಸ್ವಿಚ್) ಮೂಲಕ ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ. ರಿಲೇಯ ಕೆಲಸ ಇಷ್ಟೇ. ಭಾರಿ ಕರೆಂಟನ್ನು ತಾನು ಹೊರುತ್ತದೆ, ಸ್ವಿಚ್ಚಿಗೆ ಒಂದು ಎಳೆಯಷ್ಟು ಕರೆಂಟ್ ಮಾತ್ರ ಉಳಿಸುತ್ತದೆ. ರಿಲೇ, ಫ್ಯೂಸ್, ಹೋಲ್ಡರ್ ಎಲ್ಲಾ ಸೇರಿ ಕೆಲವು ನೂರು ರೂಪಾಯಿ. ಟೊಮ್ಯಾಟೊಗೆ ಒಳ್ಳೆಯ ರೇಟ್ ಇರುವ ದಿನ ಒಂದು ಬಾಕ್ಸಿಗೇ ಅಷ್ಟು ಸಿಗುತ್ತದೆ. ಅದನ್ನು ಉಳಿಸಲು ಹೋಗಿ ಗಾಡಿ ಕಳೆದುಕೊಳ್ಳಬೇಕಾ?

ಅರ್ಥ್ ಬಗ್ಗೆಯೂ ಒಂದು ಮಾತು. ಬಣ್ಣ ಹೊಡೆದ ತಗಡಿಗೆ ಸ್ಕ್ರೂ ಹಾಕಿ ಅರ್ಥ್ ಕೊಟ್ಟರೆ ಫ್ಯಾನ್ ಅರ್ಧ ಜೀವದಲ್ಲಿ ತಿರುಗುತ್ತದೆ. ಬಣ್ಣ ಕೆರೆದು, ವೈರಿನ ತುದಿಗೆ ಲಗ್ (ಲೋಹದ ಬಳೆ) ಹಾಕಿ, ಬಿಗಿಯಾಗಿ ಕೂರಿಸಬೇಕು.

ಈಗ ಥರ್ಮೋ ಸ್ವಿಚ್. ಇದನ್ನು ಬಿಟ್ಟು ಕೈಯಿಂದ ಆನ್ ಮಾಡುವ ಸ್ವಿಚ್ ಒಂದೇ ಸಾಕು ಎನ್ನುವವರಿದ್ದಾರೆ. ರಾತ್ರಿಯೆಲ್ಲಾ ಲೋಡ್ ತುಂಬಿಸಿ, ನಿದ್ದೆಗೆಟ್ಟು ಬಂದ ಡ್ರೈವರ್‌ಗೆ ಫ್ಯಾನ್ ಹಾಕುವುದು ನೆನಪಿರುತ್ತದೆ ಎಂದು ಯಾರು ಹೇಳಬಲ್ಲರು? ಆ ಕೆಲಸ ತಾನಾಗಿಯೇ ಆಗಬೇಕು. ಥರ್ಮೋ ಸ್ವಿಚ್ಚಿನ ಮೇಲೆ ಎರಡು ಅಂಕಿ ಇರುತ್ತವೆ, 92-87 ಎಂಬಂತೆ. ಮೊದಲನೆಯದಕ್ಕೆ ಆನ್, ಎರಡನೆಯದಕ್ಕೆ ಆಫ್. ಬಿಸಿಯಾದ ನೀರನ್ನು ರೇಡಿಯೇಟರ್‌ಗೆ ಬಿಡುವ ಇಂಜಿನ್ನಿನ ಥರ್ಮೋಸ್ಟಾಟ್ ವಾಲ್ವ್ ತೆರೆಯುವ ಡಿಗ್ರಿಗಿಂತ, ಅದು ಸಾಮಾನ್ಯವಾಗಿ 82ರಿಂದ 88, ಇದು ಮೇಲಿರಬೇಕು. ಕೆಳಗಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ರೇಡಿಯೇಟರ್ ಜಾಲರಿಯ ಮಧ್ಯೆ ಸುಮ್ನೆ ಸಿಕ್ಕಿಸಿಟ್ಟ ಸೆನ್ಸರನ್ನು ನಾನು ನಂಬುವುದಿಲ್ಲ. ಒಂದೇ ವೈರಿನ ಸೆನ್ಸರ್ ಆದರೆ ಥ್ರೆಡ್ಡಿಗೆ ಟೇಪ್ ದಪ್ಪ ಸುತ್ತಬೇಡಿ, ಅರ್ಥ್ ಸಿಗದೆ ಫ್ಯಾನ್ ಬರುವುದೇ ಇಲ್ಲ. ಕೈ ಸ್ವಿಚ್ ಇರಲಿ, ಆದರೆ ಥರ್ಮೋ ಸ್ವಿಚ್ ಕೈಕೊಟ್ಟ ದಿನಕ್ಕೆ ಇರಲಿ. ಅದರ ಜೊತೆ ಫ್ಯಾನಿಗೆ ಕರೆಂಟ್ ಹೋದಾಗ ಉರಿಯುವ ಒಂದು ಪುಟ್ಟ ದೀಪವನ್ನು ಡ್ರೈವರ್ ಎದುರಿಗೆ ಹಾಕಿಸಿ. ದಿನಾ ಮಾರ್ಕೆಟ್ ಸಾಲಿನಲ್ಲಿ ಹೊತ್ತುವ ದೀಪ ಒಂದು ದಿನ ಹೊತ್ತಲಿಲ್ಲ ಅಂದರೆ ಕೂಡಲೇ ಗೊತ್ತಾಗುತ್ತದೆ.

ಎತ್ತರದ ವಿಷಯವೂ ಇಲ್ಲಿ ಬರುತ್ತದೆ. ಇದನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ನಂದಿ ಬೆಟ್ಟದ ಮೇಲೆ, 1,478 ಮೀಟರ್ ಎತ್ತರದಲ್ಲಿ, ಸುಮಾರು 95ಕ್ಕೇ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು, ರಬ್ಬರ್ ಚೆನ್ನಾಗಿದ್ದರೆ ಒಳಗೆ ಒತ್ತಡ ನಿಂತು ನೀರು 115 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ಹೋಗಿದ್ದರೆ? ಥರ್ಮೋ ಸ್ವಿಚ್ 95ಕ್ಕೆ ಆನ್ ಆಗುತ್ತದೆ ಎನ್ನಿ. ಕೋಲಾರದಲ್ಲಿ ಕುದಿಯಲು ಇನ್ನು ಎರಡೇ ಡಿಗ್ರಿ ಬಾಕಿ. ನಂದಿಯಲ್ಲಿ ಫ್ಯಾನ್ ತಿರುಗುವ ಹೊತ್ತಿಗೆ ನೀರು ಕುದಿಯುತ್ತಿರುತ್ತದೆ. ಭಾನುವಾರ ಬೆಳಗ್ಗೆ ಬೆಟ್ಟದ ತಿರುವುಗಳಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳನ್ನು ನೋಡಿದಾಗ ನಾನು ಮೊದಲು ಕೇಳುವುದು ಮುಚ್ಚಳ ಬದಲಾಯಿಸಿ ಎಷ್ಟು ವರ್ಷವಾಯಿತು ಅಂತ. ಅದಕ್ಕೆ ಫ್ಯಾನಿಗಿಂತ ಎಷ್ಟೋ ಕಡಿಮೆ ಬೆಲೆ.

ಗಾಡಿ ಯಾಕೆ ಹೀಟ್ ಆಗುತ್ತದೆ ಎಂದು ನೋಡದೆ ಫ್ಯಾನ್ ಕಟ್ಟಬೇಡಿ ಎಂದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ದೊಡ್ಡ ಕಾರಣ ನೀರು. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಅದರಲ್ಲಿರುವ ಗಡಸು ರೇಡಿಯೇಟರ್‌ಗೆ ಏನು ಮಾಡುತ್ತದೆ ಎಂದು ಕಡಿಮೆ ಜನಕ್ಕೆ ಗೊತ್ತು. ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ, ಅದೇ ಪೊರೆ ರೇಡಿಯೇಟರಿನ ಸಣ್ಣ ಸಣ್ಣ ಟ್ಯೂಬುಗಳ ಒಳಗೂ, ಇಂಜಿನ್ ಒಳಗೂ ಕಟ್ಟುತ್ತದೆ. ಆಗ ನೀರಿನ ಬಿಸಿ ಲೋಹಕ್ಕೆ ಸರಿಯಾಗಿ ದಾಟುವುದಿಲ್ಲ. ಕೆಲವು ಟ್ಯೂಬು ಪೂರ್ತಿ ಮುಚ್ಚಿಹೋಗುತ್ತವೆ. ಅಂಥ ರೇಡಿಯೇಟರ್ ಮುಂದೆ ಎಷ್ಟು ದೊಡ್ಡ ಫ್ಯಾನ್ ತಂದಿಟ್ಟರೂ ಏನು ಪ್ರಯೋಜನ? ರೇಡಿಯೇಟರ್ ಬಿಸಿಯಾಗಿದ್ದಾಗ, ಇಂಜಿನ್ ಆಫ್ ಮಾಡಿ, ಬ್ಯಾಟರಿ ತೆಗೆದು, ಜಾಲರಿಯ ಮೇಲೆ ಹುಷಾರಾಗಿ ಕೈ ಆಡಿಸಿ ನೋಡಿ. ಅಕ್ಕಪಕ್ಕ ಬಿಸಿಯಿದ್ದು ನಡುವೆ ಒಂದು ಕಡೆ ತಣ್ಣಗಿದ್ದರೆ ಅಲ್ಲಿ ನೀರು ಓಡುತ್ತಿಲ್ಲ. ಹಳೆಯ ತಾಮ್ರ ಹಿತ್ತಾಳೆಯ ರೇಡಿಯೇಟರ್ ಆದರೆ ಟ್ಯಾಂಕ್ ಬಿಚ್ಚಿ ರಾಡ್ ಹಾಕಿ ಸ್ವಚ್ಛ ಮಾಡುವವರು ನಮ್ಮ ಊರಲ್ಲೇ ಇದ್ದಾರೆ. ಆಮೇಲೆ ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ತುಂಬಿಸಿ. ದಾರಿಯಲ್ಲಿ ಸಿಕ್ಕ ಕೊಳಾಯಿ ನೀರು ಸುರಿಯುವುದನ್ನು ಬಿಡಿ.

ಬೆಲ್ಟ್ ಸಡಿಲ, ವಾಟರ್ ಪಂಪ್ ಸೋರಿಕೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವೆ ಇರುವ ಸೀಲು) ಲೀಕ್ ಇವೂ ಇವೆ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಬರುತ್ತಿದೆ ಅಂದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಅದಕ್ಕೆ ಫ್ಯಾನ್ ಮದ್ದಲ್ಲ. ಹೀಟ್ ಆಗುತ್ತದೆ ಎಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಕುವ ಅಭ್ಯಾಸವೂ ನಮ್ಮಲ್ಲಿದೆ. ಇದು ಬೇಡ. ಕೆಲವು ಇಂಜಿನ್‌ಗಳಲ್ಲಿ ಆ ವಾಲ್ವೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ.

ಇನ್ನೊಂದು ಅಪಾಯ ಇದೆ, ಇದನ್ನು ಡ್ರೈವರ್‌ಗಳು ದಯವಿಟ್ಟು ನೆನಪಿಡಬೇಕು. ನೀರು ಸೋರಿ ಖಾಲಿಯಾದರೆ ಟೆಂಪರೇಚರ್ ಮುಳ್ಳು ಮೇಲೆ ಹೋಗುವ ಬದಲು ಕೆಳಗೆ ಇಳಿಯಬಹುದು. ಸೆನ್ಸರ್ ನೀರಿನ ಬಿಸಿಯನ್ನು ಓದುತ್ತದೆ, ನೀರೇ ಇಲ್ಲದಿದ್ದರೆ ಅದು ಏನನ್ನು ಓದಬೇಕು? ಥರ್ಮೋ ಸ್ವಿಚ್ಚಿಗೂ ಅದೇ ಗತಿ, ಫ್ಯಾನೂ ಬರುವುದಿಲ್ಲ. ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಖುಷಿಪಡದೆ ಗಾಡಿ ನಿಲ್ಲಿಸಿ. ಬಿಸಿಯಿರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ. ಮುಖ ಸುಟ್ಟುಕೊಂಡವರನ್ನು ಕಂಡಿದ್ದೇನೆ.

ಫ್ಯಾನ್ ಕೂರಿಸುವ ಕೆಲಸಕ್ಕೆ ಬರೋಣ. ಜಾಗ ಇದ್ದರೆ ಫ್ಯಾನ್ ಇಂಜಿನ್ ಮತ್ತು ರೇಡಿಯೇಟರ್ ನಡುವೆ ಇರಬೇಕು, ಗಾಳಿಯನ್ನು ಎಳೆಯಬೇಕು. ಮುಂದೆ ಕಟ್ಟಿ ದೂಡಿಸಿದರೆ ಓಡುವಾಗ ಅದೇ ಎದುರುಗಾಳಿಗೆ ಅಡ್ಡ ನಿಲ್ಲುತ್ತದೆ. ಜಾಗವೇ ಇಲ್ಲದಿದ್ದರೆ ಮಾತ್ರ ಮುಂದೆ. ಎಲ್ಲಿ ಕಟ್ಟಿದರೂ ಗಾಳಿ ಇಂಜಿನ್ ಕಡೆಗೇ ಹೋಗಬೇಕು. ಶ್ರೀನಿವಾಸಪುರದ ಹಳೆಯ ಜೀಪೊಂದಕ್ಕೆ ಯಾರೋ ಫ್ಯಾನ್ ಉಲ್ಟಾ ಕೊಟ್ಟಿದ್ದರು. ನಿಂತಾಗ ಹೇಗೋ ನಡೆಯುತ್ತಿತ್ತು. ಓಡುವಾಗ ಎದುರುಗಾಳಿಗೂ ಫ್ಯಾನಿಗೂ ಜಗಳ, ಹೀಟ್ ಏರುತ್ತಿತ್ತು. ಇಂಥ ಕಡೆ ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ದಿಕ್ಕು ಸರಿಯಾಗುತ್ತದೆ. ಆದರೆ ರೆಕ್ಕೆಯ ಬಾಗು ಒಂದು ದಿಕ್ಕಿಗೆ ಮಾಡಿದ್ದು, ಪೂರ್ತಿ ಗಾಳಿ ಬರುವುದಿಲ್ಲ. ಎಳೆಯುವ ಫ್ಯಾನ್ ಬೇಕಾದ ಕಡೆ ಎಳೆಯುವ ಫ್ಯಾನನ್ನೇ ಕೇಳಿ ತನ್ನಿ.

ಕೇಬಲ್ ಟೈಯನ್ನು ರೇಡಿಯೇಟರ್ ಜಾಲರಿಯ ಮೂಲಕವೇ ತೂರಿಸಿ ಫ್ಯಾನ್ ಬಿಗಿಯುವುದು ಈಗ ಚಾಲ್ತಿಯಲ್ಲಿದೆ. ಐದು ನಿಮಿಷದ ಕೆಲಸ, ನಿಜ. ನಮ್ಮ ಹಳ್ಳಿ ರಸ್ತೆಗಳ ಕುಲುಕಾಟಕ್ಕೆ ಫ್ಯಾನಿನ ಭಾರ ಪೂರ್ತಿ ಆ ತೆಳು ಟ್ಯೂಬುಗಳ ಮೇಲೆ ಬಿದ್ದು, ಉಜ್ಜಿ ಉಜ್ಜಿ ಒಂದು ದಿನ ಟ್ಯೂಬು ತೂತಾಗುತ್ತದೆ. ಪಟ್ಟಿ ಹಾಕಿ ರೇಡಿಯೇಟರಿನ ಫ್ರೇಮಿಗೆ ಬೋಲ್ಟ್ ಮಾಡಿ, ನಡುವೆ ರಬ್ಬರ್ ಇಡಬೇಕು.

ಶ್ರೌಡ್, ಅಂದರೆ ಫ್ಯಾನಿನ ಸುತ್ತ ಹಾಕುವ ಕವರ್ ಬಗ್ಗೆ ನನಗೆ ಜಾಸ್ತಿ ಕಾಳಜಿ. ರೇಡಿಯೇಟರ್ ಚೌಕ, ಫ್ಯಾನ್ ದುಂಡಗೆ. 18 ಇಂಚು ಎತ್ತರ, 20 ಇಂಚು ಅಗಲದ ರೇಡಿಯೇಟರ್ 360 ಚದರ ಇಂಚು. 16 ಇಂಚಿನ ಫ್ಯಾನ್ ಮುಚ್ಚುವುದು ಸುಮಾರು 200. ಸುತ್ತ ತಗಡಿನ ಕವರ್ ಇಲ್ಲದಿದ್ದರೆ ಮೂಲೆಗಳಿಂದ ಗಾಳಿ ಬರುವುದೇ ಇಲ್ಲ, ಹಣ ಕೊಟ್ಟು ತಂದ ರೇಡಿಯೇಟರಿನ ಸುಮಾರು ಅರ್ಧ ಸುಮ್ಮನೆ ಕೂರುತ್ತದೆ. ಜೊತೆಗೆ ಇಂಜಿನ್ನಿನ ಬಿಸಿ ಗಾಳಿಯೇ ಪಕ್ಕದಿಂದ ನುಸುಳಿ ಮತ್ತೆ ಫ್ಯಾನಿಗೆ ಬರುತ್ತದೆ. ಟಿಂಕರ್ ಕೆಲಸದವರಿಗೆ ಹೇಳಿದರೆ ಅರ್ಧ ದಿನದಲ್ಲಿ ಶ್ರೌಡ್ ಮಡಿಸಿ ಕೊಡುತ್ತಾರೆ. ಫ್ಯಾನ್ ಜಾಲರಿಗೆ ಒತ್ತಿಕೊಂಡಿರದೆ ಸ್ವಲ್ಪ ದೂರ ಇರುವಂತೆ ಮಾಡಿಸಿ.

ಎಲ್ಲಾ ಗಾಡಿಗೂ ಇದು ಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ವಿಸ್ಕಸ್ ಫ್ಯಾನ್ ಇರುವ ಗಾಡಿಯಾದರೆ ಮೊದಲು ಅದನ್ನು ಸರಿಮಾಡಿಸಿ. ಅದೂ ಇಂಜಿನ್ನಿನಿಂದಲೇ ತಿರುಗುವ ಫ್ಯಾನು, ಆದರೆ ಅದರ ಕ್ಲಚ್ಚಿನೊಳಗೆ ಸಿಲಿಕೋನ್ ಎಣ್ಣೆ ಇರುತ್ತದೆ. ಬಿಸಿ ಗಾಳಿ ತಾಗಿದಾಗ ಮಾತ್ರ ಫ್ಯಾನನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇಂಜಿನ್ ಚೆನ್ನಾಗಿ ಕಾದಮೇಲೆ ಆಫ್ ಮಾಡಿ ಕೈಯಲ್ಲಿ ತಿರುಗಿಸಿ. ಹಿಡಿತ ಇಲ್ಲದೆ ಗಿರಗಿರ ತಿರುಗಿದರೆ ಎಣ್ಣೆ ಸೋರಿದೆ, ವಿಸ್ಕಸ್ ಬದಲಾಯಿಸಿ. ಅದು ಸರಿಯಿದ್ದ ಗಾಡಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿ ಮೈಲೇಜ್ ಜಾಸ್ತಿ ಬರುತ್ತದೆ ಎಂದು ಕಾಯಬೇಡಿ. ತಣ್ಣಗಿರುವಾಗ ವಿಸ್ಕಸ್ ಫ್ಯಾನ್ ತಿನ್ನುವುದೇ ಕಡಿಮೆ. ಎಲೆಕ್ಟ್ರಿಕ್ ಫ್ಯಾನಿನ ಕರೆಂಟೂ ಪುಕ್ಕಟೆ ಬರುವುದಿಲ್ಲ. 20 ಆಂಪಿಯರ್ ಕೊಡಲು ಆಲ್ಟರ್ನೇಟರ್ ಇಂಜಿನ್ನಿನಿಂದ ಅರ್ಧ ಅಶ್ವಶಕ್ತಿಗಿಂತ ಸ್ವಲ್ಪ ಜಾಸ್ತಿಯೇ ತೆಗೆದುಕೊಳ್ಳುತ್ತದೆ. ಹಳೆಯ ಜೀಪಿನ ಡೈನಮೋಗೆ ಹೆಡ್‌ಲೈಟು, ಫ್ಯಾನು ಎರಡೂ ಹೊರುವುದು ಕಷ್ಟ. ಅದನ್ನು ನೋಡದೆ ಹಾಕಿಸಿದರೆ ರಾತ್ರಿ ಚಿತ್ತೂರಿನಿಂದ ವಾಪಸ್ ಬರುವಾಗ ಮೊಗಿಲಿ ಘಾಟಿನ ಏರಿನಲ್ಲಿ ಬ್ಯಾಟರಿ ಇಳಿಯುತ್ತದೆ.

ರೈತರು ಟ್ರ್ಯಾಕ್ಟರ್‌ಗೂ ಕೇಳಿಕೊಂಡು ಬರುತ್ತಾರೆ. ಬೇಡ ಎಂದೇ ಹೇಳುತ್ತೇನೆ. ಟ್ರ್ಯಾಕ್ಟರ್ ಪೂರ್ತಿ ಲೋಡಿನಲ್ಲಿ, ಎದುರುಗಾಳಿಯಿಲ್ಲದೆ, ಹೊಟ್ಟು ಧೂಳಿನಲ್ಲಿ ಗಂಟೆಗಟ್ಟಲೆ ದುಡಿಯುತ್ತದೆ. ಅದಕ್ಕೆ ಬೆಲ್ಟಿನ ಫ್ಯಾನೇ ಸರಿ. ಜಾಲರಿಯಲ್ಲಿ ಕೂತ ಹೊಟ್ಟನ್ನು ಹಿಂಬದಿಯಿಂದ ಗಾಳಿ ಊದಿ ತೆಗೆಸಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ದೊಡ್ಡ ಲಾರಿಗಳ ಕರೆಂಟ್ 24 ವೋಲ್ಟ್, ಬಿಸಿಯೂ ಬಹಳ. ಕಾರಿನ ಫ್ಯಾನ್ ಅಲ್ಲಿ ನಡೆಯುವುದಿಲ್ಲ. ವಾರಂಟಿ ಇರುವ ಹೊಸ ಗಾಡಿಯ ವೈರಿಂಗ್ ಕತ್ತರಿಸಿ ಏನನ್ನೂ ಹಾಕಿಸಬೇಡಿ, ಆಮೇಲೆ ವಿಮೆಯವರೂ ಪ್ರಶ್ನೆ ಕೇಳುತ್ತಾರೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಬಿಡಿಭಾಗದ ಅಂಗಡಿಯವರು ಫ್ಯಾನ್ ಮಾರುವಾಗ ರಿಲೇ, ಫ್ಯೂಸ್, ಥರ್ಮೋ ಸ್ವಿಚ್ ಜೊತೆಗೇ ಕೊಡಲಿ. ‘ಫ್ಯಾನ್ ಒಂದೇ ಸಾಕು’ ಎನ್ನುವ ಗಿರಾಕಿಗೆ ಎರಡು ನಿಮಿಷ ತಿಳಿಸಿ ಹೇಳಲಿ. ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಮೆಕ್ಯಾನಿಕ್ ಕಲಿಯುವ ಹುಡುಗರಿಂದ ಒಂದು ಹಳೆಯ ಇಂಜಿನ್‌ಗೆ ಈ ಫಿಟ್ಟಿಂಗನ್ನು ಕೈಯಾರೆ ಮಾಡಿಸಲಿ. ಕಲಿಸುವವರಿಗೆ ಸಮಯ ಇಲ್ಲದಿದ್ದರೆ ನಾನು ಬಂದು ತೋರಿಸಲು ಸಿದ್ಧ, ಹಣ ಬೇಡ. ಎಪಿಎಂಸಿಯವರು ಸಾಲಿನಲ್ಲಿ ನಿಲ್ಲುವ ಗಾಡಿಗಳಿಗೆ ಟೋಕನ್ ಕೊಟ್ಟು, ಇಂಜಿನ್ ಆಫ್ ಮಾಡಿ ಕಾಯುವ ಹಾಗೆ ಮಾಡಿದರೆ ಡೀಸೆಲ್ ಉಳಿಯುತ್ತದೆ, ಹೀಟ್ ಆಗುವುದೂ ಕಡಿಮೆಯಾಗುತ್ತದೆ.

ಮಾಲೀಕರಿಗೆ ಹೇಳುವುದು ಇಷ್ಟು. ಫ್ಯಾನ್ ಹಾಕಿಸಿದ ಮೇಲೆ ಗಾಡಿ ತೆಗೆದುಕೊಳ್ಳುವ ಮುಂಚೆ ಅಲ್ಲೇ ನಿಂತು ನೋಡಿ. ಫ್ಯೂಸ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ಇಂಜಿನ್ ಓಡಲಿ, ಬಿಸಿಯೇರಲಿ. ಫ್ಯಾನ್ ತಾನಾಗಿ ಬರಬೇಕು. ಆಗ ನ್ಯೂಸ್‌ಪೇಪರಿನ ಒಂದು ಹಾಳೆಯನ್ನು ರೇಡಿಯೇಟರ್ ಮುಂದೆ ಹಿಡಿಯಿರಿ. ಅದು ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ಸಣ್ಣ ಚೂರು ಹರಿದು ನಾಲ್ಕು ಮೂಲೆಯಲ್ಲೂ ಹಿಡಿದು ನೋಡಿ, ಅಲ್ಲೂ ಅಂಟಬೇಕು, ಇಲ್ಲದಿದ್ದರೆ ಶ್ರೌಡ್ ಸರಿಯಿಲ್ಲ. ಕೈ ಮಾತ್ರ ಫ್ಯಾನಿನಿಂದ ದೂರ ಇರಲಿ, ಇಂಜಿನ್ ನಿಂತಿದ್ದರೂ ಕೆಲವು ಗಾಡಿಗಳಲ್ಲಿ ಫ್ಯಾನ್ ಇದ್ದಕ್ಕಿದ್ದಂತೆ ತಿರುಗುತ್ತದೆ. ಕೆಲವು ನಿಮಿಷದಲ್ಲಿ ಬಿಸಿ ಇಳಿದು ಫ್ಯಾನ್ ತಾನಾಗಿ ನಿಲ್ಲಬೇಕು. ಕೊನೆಗೆ ವೈರಿನ ಮೇಲೆ ಕೈ ಇಟ್ಟು ನೋಡಿ. ಉಗುರುಬೆಚ್ಚಗಿದ್ದರೆ ಪರವಾಗಿಲ್ಲ, ಬಿಸಿಯಿದ್ದರೆ ದಪ್ಪ ವೈರು ಹಾಕಿಸಿ. ಇಷ್ಟೂ ಸರಿಯಾದ ಮೇಲೆ ದುಡ್ಡು ಕೊಡಿ.

ಇಂತಿ,
ಒಬ್ಬ ಆಟೋ ಎಲೆಕ್ಟ್ರಿಷಿಯನ್
ಕೋಲಾರ